ಜಿಪ್ಸಿ ಮುಂದಿನ ಆಕ್ಸಲ್: ಸೀಲ್ ಹಾಕಿಸಿದರೂ ಮತ್ತೆ ಸೋರುತ್ತಿದೆ, ಜಾಯಿಂಟನ್ನೇ ಬದಲಾಯಿಸಬೇಕಾ?

ತೋಟದ ಜಿಪ್ಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರದಿಂದ ಒಳಗೆ, ಹಾನುಬಾಳು ಕಡೆ ಕಾಫಿ ತೋಟ. ಗಾಡಿ ಜಿಪ್ಸಿ ಕಿಂಗ್, ಎಂಪಿಎಫ್‌ಐ ಇಂಜಿನ್, ಮುಂದೆ ಕೈಯಲ್ಲಿ ತಿರುಗಿಸುವ ಹಬ್ (ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಸೇರಿಸುವ, ಬಿಡಿಸುವ ಭಾಗ). ಟೈರ್ ಕಂಪನಿ ಅಳತೆಯದ್ದೇ ಇದೆ. ಗಾಡಿ ಎತ್ತರಿಸಿಲ್ಲ, ಹಿಂದೆ ಮಾತ್ರ ಒಂದು ಪಟ್ಟಿ ಜಾಸ್ತಿ ಹಾಕಿಸಿದ್ದೇವೆ. ಶೋಕಿಗೆ ಓಡಿಸುವ ಗಾಡಿ ಅಲ್ಲ. ಗೊಬ್ಬರದ ಮೂಟೆ, ಕೆಲಸದವರು, ಕೊಯ್ಲಿನ ಹೊತ್ತಿಗೆ ಹಣ್ಣಿನ ಚೀಲ, ಇಷ್ಟೇ ಕೆಲಸ. ಮಳೆಗಾಲದಲ್ಲಿ ಮಾತ್ರ ಮನೆಯಿಂದ ಕೆಳಗಿನ ತೋಟಕ್ಕೆ ಹೋಗಬೇಕಾದರೆ ಹಳ್ಳ ದಾಟಬೇಕು, ಆಮೇಲೆ ಜಾರುವ ಏರು, ಲೋ ಗೇರ್ ಇಲ್ಲದೆ ಆಗುವುದಿಲ್ಲ.

ತೊಂದರೆ ಮೂರು ಇವೆ. ಒಂದು, ಎಡಗಡೆ ಮುಂದಿನ ಚಕ್ರದ ಹಿಂದೆ ಆ ದುಂಡಗಿನ ಬಾಲ್ ಇದೆಯಲ್ಲ, ಅಲ್ಲಿಂದ ಸೋರುತ್ತಿದೆ. ಬರುವುದು ಗ್ರೀಸ್ ಅಲ್ಲ, ಕಪ್ಪಗೆ ತಿಳಿಸಾರಿನ ಹಾಗಿದೆ. ಟೈರಿನ ಒಳಮೈಗೆಲ್ಲ ಹಾರಿದೆ. ಹೋದ ವರ್ಷ ಮಳೆಗೆ ಮುಂಚೆ ಸೀಲ್ ಹಾಕಿಸಿದ್ದೆ, ಈಗ ಮತ್ತೆ ಅದೇ ಕತೆ. ಎರಡು, ಟಾರ್ ರಸ್ತೆಯಲ್ಲಿ 60ರ ಮೇಲೆ ಹೋಗುವಾಗ ಒಂದು ಗುಂಡಿಗೆ ಇಳಿದರೆ ಸ್ಟೇರಿಂಗ್ ಜೋರಾಗಿ ಅದುರಲು ಶುರು ಮಾಡುತ್ತದೆ, ನಿಧಾನ ಮಾಡುವವರೆಗೂ ನಿಲ್ಲುವುದಿಲ್ಲ. ಮೂರು, ಫೋರ್ ವೀಲ್ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಕಟ ಕಟ ಶಬ್ದ.

ಊರಿನ ಮೆಕ್ಯಾನಿಕ್ ಹೇಳುವುದು, ಜಿಪ್ಸಿಗೆ ಇದು ಹುಟ್ಟುಗುಣ, ಜಾಯಿಂಟ್ ವೀಕು, ಎರಡೂ ಕಡೆ ಆಕ್ಸಲ್ ಶಾಫ್ಟ್ ಜಾಯಿಂಟ್ ಸಮೇತ ಹೊಸದು ಹಾಕಿ ಅಂತ. ಇನ್ನೊಬ್ಬರು ಮಿಲಿಟರಿ ಹರಾಜಿನಲ್ಲಿ ಬಂದ ಗಾಡಿಯ ಇಡೀ ಆಕ್ಸಲ್ ಹುಡುಕಿ ಹಾಕಿಸಿ ಅನ್ನುತ್ತಾರೆ. ದುಡ್ಡು ಹಾಕಲು ತಯಾರಿದ್ದೇನೆ, ಆದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಗೋಳು ಬೇಡ. ನಿಜವಾಗಿ ವೀಕ್ ಇರುವುದು ಯಾವುದು? ಜಾಯಿಂಟಾ, ಸೀಲಾ?

ಹಾಸನ ಗ್ಯಾರೇಜ್

ಸರ್, ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ. ಮೂರು ತೊಂದರೆಗೂ ಒಂದೇ ಕಾರಣ ಇರಬೇಕು ಅಂತೇನಿಲ್ಲ.

ಮೊದಲು ಒಳಗೆ ಏನಿದೆ ಅಂತ ನೋಡೋಣ. ಆಕ್ಸಲ್ ಹೌಸಿಂಗ್‌ನ ತುದಿಯಲ್ಲಿ ಟೊಳ್ಳಾದ ಬಾಲ್. ಅದರ ಮೇಲೆ ನಕಲ್, ಅಂದರೆ ಚಕ್ರ ಹಿಡಿಯುವ ಭಾಗ ಕೂತು, ಮೇಲೊಂದು ಕೆಳಗೊಂದು ಕಿಂಗ್ ಪಿನ್ ಮೇಲೆ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಬಾಲ್ ಒಳಗೆ ಬರ್‌ಫೀಲ್ಡ್ ಜಾಯಿಂಟ್: ಆರು ಗುಂಡು, ಅವನ್ನು ಹಿಡಿಯುವ ಕೇಜ್, ಹೊರಗೆ ಗಂಟೆ ಆಕಾರದ ಕಪ್. ಈ ಜಾಯಿಂಟ್ ಗ್ರೀಸಿನಲ್ಲಿ ಇರಬೇಕು. ಗೇರ್ ಆಯಿಲ್ ಇರುವುದು ಡಿಫರೆನ್ಷಿಯಲ್ (ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಗೇರ್) ಹೌಸಿಂಗ್ ಒಳಗೆ. ಇವೆರಡೂ ಸೇರದ ಹಾಗೆ ತಡೆಯುವುದು ಒಳಗಿನ ಒಂದು ಸಣ್ಣ ಸೀಲ್, ಶಾಫ್ಟ್ ಅದರ ಮೂಲಕ ಹಾದು ಹೋಗುತ್ತದೆ. ಹೊರಗೆ ನಿಮಗೆ ಕಾಣುವ ದೊಡ್ಡ ಸೀಲ್ ಬೇರೆ. ಅದು ಬಾಲ್ ಮೇಲೆ ಉಜ್ಜುತ್ತಾ ಕೆಸರು ನೀರು ತಡೆಯುತ್ತದೆ, ಜೊತೆಗೆ ಗ್ರೀಸನ್ನು ಒಳಗೆ ಇಟ್ಟುಕೊಳ್ಳುತ್ತದೆ. ಜಾಸ್ತಿ ಜನ ಬದಲಾಯಿಸುವುದು ಈ ದೊಡ್ಡದನ್ನು, ಯಾಕೆಂದರೆ ಸೋರುವುದು ಅಲ್ಲೇ ಕಾಣುತ್ತದೆ. ಆದರೆ ಗಟ್ಟಿ ಗ್ರೀಸ್ ಸುಮ್ನೆ ತಿಳಿಯಾಗಿ ಹರಿಯುವುದಿಲ್ಲ ಅಲ್ವಾ. ಒಳಗಿನ ಸೀಲ್ ದಾಟಿ ಗೇರ್ ಆಯಿಲ್ ಬಂದು ಗ್ರೀಸನ್ನು ಕರಗಿಸಿದೆ, ಅದಕ್ಕೇ ಹೊರಗಿನ ಸೀಲ್ ಹಿಡಿಯುತ್ತಿಲ್ಲ. ಅಲ್ಲಿ ಎಷ್ಟು ಹೊಸ ಸೀಲ್ ಹಾಕಿದರೂ ಅಷ್ಟೇ.

ಬೆರಳಲ್ಲಿ ತೆಗೆದು ಮೂಸಿ ನೋಡಿ. ಗಂಧಕದ ಹಾಗೆ ಘಾಟು ಇದ್ದರೆ ಗೇರ್ ಆಯಿಲ್. ಬೆಳ್ಳಗೆ ಹಾಲು ಬೆರೆತ ಹಾಗಿದ್ದರೆ ನೀರು ಹೋಗಿದೆ. ಮುಂದಿನ ಡಿಫರೆನ್ಷಿಯಲ್‌ನಲ್ಲಿ ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ, ಗಾಡಿ ಸಮನೆಲದಲ್ಲಿ ಇರಲಿ. ತೂತಿನ ಅಂಚಿಗೆ ಆಯಿಲ್ ಬರಬೇಕು. ಇಲ್ಲ ಅಂದರೆ ಅದು ಎಲ್ಲಿ ಹೋಯಿತು ಅಂತ ಗೊತ್ತಾಯಿತಲ್ಲ. ಹಾಗೇ ಹೌಸಿಂಗ್ ಮೇಲಿನ ಬ್ರೀದರ್ ನೋಡಿ. ಸಣ್ಣ ಮೂತಿ, ಬೆರಳಲ್ಲಿ ಆಡಿಸಿದರೆ ಸಡಿಲವಾಗಿ ಅಲ್ಲಾಡಬೇಕು. ಕೆಸರು ಕಟ್ಟಿ ಬಂದ್ ಆಗಿದ್ದರೆ, ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗಲು ದಾರಿ ಇಲ್ಲದೆ ಆಯಿಲನ್ನು ಸೀಲ್ ಕಡೆಗೇ ತಳ್ಳುತ್ತದೆ.

ಅದುರುವುದಕ್ಕೆ ಬೇರೆ ಪರೀಕ್ಷೆ. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಟೈರನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಆಡಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್. ಆಗಲೂ ಆಡಿದರೆ ಕಿಂಗ್ ಪಿನ್ ಬೇರಿಂಗ್. ಎಡಕ್ಕೂ ಬಲಕ್ಕೂ ಆಡಿದರೆ ಟೈ ರಾಡ್ ತುದಿಗಳನ್ನು ನೋಡಬೇಕು. ಇವಿಷ್ಟು ನೋಡಿ ಬರೆಯಿರಿ, ಆಮೇಲೆ ಜಾಯಿಂಟಿನ ಮಾತು.

ಮಣ್ಣು ಟೈರ್

ಬ್ರೋ, ನಾನು ಬೆಂಗಳೂರು. ನನ್ನ ಜಿಪ್ಸಿಗೆ 31 ಇಂಚಿನ ಟೈರ್, ಮುಂದೆ ಹಿಂದೆ ಎರಡೂ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಡಿಫರೆನ್ಷಿಯಲ್ ಲಾಕ್ ಮಾಡುವುದು). ಕಂಪನಿ ಜಾಯಿಂಟ್ ಬಿಸ್ಕತ್ತು, ಅದನ್ನು ನಂಬಬೇಡಿ. ಕ್ರೋಮೋಲಿ ಅನ್ನುವ ಗಟ್ಟಿ ಉಕ್ಕಿನ ಜಾಯಿಂಟ್ ತರಿಸಿ ಹಾಕಿ, ಒಂದು ಸಲ ಖರ್ಚು, ಆಮೇಲೆ ಚಿಂತೆ ಇಲ್ಲ. ಅದುರುವುದಕ್ಕೆ ಸ್ಟೇರಿಂಗ್ ಡ್ಯಾಂಪರ್ (ಅದುರುವುದನ್ನು ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿದರೆ ಅರ್ಧ ದಿನದ ಕೆಲಸ. ಅಮೆರಿಕದಲ್ಲಿ ಇದೇ ಗಾಡಿ ಸಮುರಾಯ್ ಹೆಸರಲ್ಲಿ ಮಾರಾಟ ಆಗಿತ್ತು, ಅಲ್ಲಿಯವರು ಎಷ್ಟೋ ಜನ ಈ ಆಕ್ಸಲ್ ಬಿಸಾಕಿ ಟೊಯೋಟಾ ಆಕ್ಸಲ್ ಕೂರಿಸಿಕೊಳ್ಳುತ್ತಾರೆ. ಸುಮ್ನೆ ಹಾಗೆ ಮಾಡುತ್ತಾರಾ?

ಹಾಸನ ಗ್ಯಾರೇಜ್

ಸುಮ್ನೆ ಅಲ್ಲ, ನಿಮ್ಮ ಗಾಡಿಗೆ ಅದು ಸರಿ. ಅವರ ಗಾಡಿಗೆ ಅಲ್ಲ. ಲೆಕ್ಕ ನೋಡಿ. ಜಿಪ್ಸಿ ಕಿಂಗ್ ಇಂಜಿನ್ ಕೊಡುವುದು 103 ನ್ಯೂಟನ್ ಮೀಟರ್ ಟಾರ್ಕ್. ಫಸ್ಟ್ ಗೇರ್, ಲೋ ಗೇರ್, ಡಿಫರೆನ್ಷಿಯಲ್‌ನ ಕ್ರೌನ್ ಪಿನಿಯನ್ ಗೇರ್ ಮೂರೂ ಸೇರಿ ಅದನ್ನು 30 ಪಟ್ಟಿಗೂ ಜಾಸ್ತಿ ಮಾಡಿ ಕೆಳಗೆ ಕಳಿಸುತ್ತವೆ. ಇಷ್ಟೂ ಬಲ ಒಂದೇ ಜಾಯಿಂಟಿಗೆ ಬಂದರೆ ಯಾವ ಗುಂಡಿನ ಕೇಜೂ ಉಳಿಯುವುದಿಲ್ಲ. ಆದರೆ ಲಾಕರ್ ಇಲ್ಲದ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಒಂದೇ ಸಮ ಬಲ ಕೊಡುತ್ತದೆ. ಕೆಸರಲ್ಲಿ ಒಂದು ಚಕ್ರ ಜಾರಿ ಸುಮ್ನೆ ತಿರುಗಲು ಶುರು ಮಾಡಿತು ಅಂದರೆ ಇನ್ನೊಂದಕ್ಕೂ ಅಷ್ಟೇ ಕಡಿಮೆ ಬಲ. ಗಾಡಿ ಹತ್ತುವುದಿಲ್ಲ ನಿಜ, ಆದರೆ ಏನೂ ಮುರಿಯುವುದೂ ಇಲ್ಲ. ಲಾಕರ್ ಹಾಕಿದ ಕೂಡಲೇ ಆ ರಕ್ಷಣೆ ಹೋಯಿತು, ಹಿಡಿತ ಇರುವ ಚಕ್ರದ ಜಾಯಿಂಟಿಗೆ ಆ ಆಕ್ಸಲ್‌ನ ಬಲ ಪೂರ್ತಿ ಬೀಳುತ್ತದೆ. ಅದರ ಮೇಲೆ 31 ಇಂಚಿನ ಟೈರ್, ಅದರ ಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಲರೇಟರ್ ಒತ್ತುವುದು. ಜಾಯಿಂಟ್ ಹೆಚ್ಚು ಮಡಚಿದಷ್ಟೂ ಭಾರವೆಲ್ಲ ಕೆಲವೇ ಗುಂಡುಗಳ ಮೇಲೆ ಕೂರುತ್ತದೆ, ಕಪ್‌ನ ಅಂಚು ಅಲ್ಲೇ ಸೀಳುವುದು. ನಿಮಗೆ ಕ್ರೋಮೋಲಿ ಬೇಕು, ಒಪ್ಪಿದೆ. ಅದನ್ನು ಹಾಕಿದ ಮೇಲೆ ಮುಂದಿನ ವೀಕ್ ಜಾಗ ಹಬ್ ಅಥವಾ ಶಾಫ್ಟ್ ತುದಿಯ ಸ್ಪ್ಲೈನ್ ಹಲ್ಲು ಆಗುತ್ತದೆ, ಅದಕ್ಕೂ ತಯಾರಿರಿ.

ತೋಟದ ಗಾಡಿಗೆ ಜಾಯಿಂಟ್ ಹೋಗುವುದು ಬಲದಿಂದ ಅಲ್ಲ. ಗ್ರೀಸ್ ತೊಳೆದುಹೋಗಿ, ನೀರು ಸೇರಿ, ತುಕ್ಕು ಹಿಡಿದು, ಗುಂಡು ಓಡುವ ದಾರಿಯಲ್ಲಿ ಕುಳಿ ಬಿದ್ದು ಹೋಗುತ್ತದೆ. ಕಟ ಕಟ ಶಬ್ದ ಆ ಕುಳಿಗಳದ್ದು. ಹೊಸ ಜಾಯಿಂಟ್ ಹಾಕಿ ಅದೇ ಸೋರುವ ಸೀಲ್ ಹಿಂದೆ ಇಟ್ಟರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಇನ್ನು ಡ್ಯಾಂಪರ್. ಕಿಂಗ್ ಪಿನ್ ಸವೆದ ಗಾಡಿಗೆ ಡ್ಯಾಂಪರ್ ಹಾಕಿದರೆ ಅದುರುವುದು ನಿಲ್ಲಬಹುದು. ಸವೆಯುವುದು ನಿಲ್ಲುವುದಿಲ್ಲ, ನಿಮಗೆ ಗೊತ್ತಾಗುವುದು ಮಾತ್ರ ನಿಲ್ಲುತ್ತದೆ. ನಾನಂತೂ ಹಾಕಿ ಕೊಡುವುದಿಲ್ಲ, ಗಿರಾಕಿ ಬೇಜಾರಾದರೂ ಪರವಾಗಿಲ್ಲ.

ಸೋಮವಾರಪೇಟೆ ಪ್ಲಾಂಟರ್

ಬ್ರೀದರ್ ಮಾತು ಬಂದಿದ್ದು ಒಳ್ಳೆಯದಾಯಿತು. ಹಳ್ಳ ದಾಟುವವರಿಗೆ ಎಲ್ಲದಕ್ಕಿಂತ ಮುಖ್ಯ ಅದು, ಆದರೆ ಯಾವ ಗ್ಯಾರೇಜಿನಲ್ಲೂ ಅದನ್ನು ತಾವಾಗಿ ಹೇಳುವುದಿಲ್ಲ, ಹಾಸನದವರು ಹೇಳಿದರು ಅಂತ ಖುಷಿಯಾಯಿತು. ಓಡಿ ಬಂದ ಆಕ್ಸಲ್ ಬಿಸಿ ಇರುತ್ತದೆ. ಹಾಗೇ ತಣ್ಣನೆ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗಿ ಹೊರಗಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ನೀರಿನ ಕೆಳಗಿದ್ದರೆ ಅದರಿಂದ, ಬಂದ್ ಆಗಿದ್ದರೆ ಸೀಲಿನ ಅಂಚಿನಿಂದ, ಹೇಗಿದ್ದರೂ ಎಳೆಯುವುದು ನೀರನ್ನೇ.

ನಾವು ಮಾಡಿರುವುದು ಇಷ್ಟೇ. ಬ್ರೀದರ್ ಮೂತಿ ಬಿಚ್ಚಿ, ಅದೇ ಥ್ರೆಡ್ಡಿಗೆ ಕೂರುವ ಹಿತ್ತಾಳೆ ನಿಪ್ಪಲ್ ಹಾಕಿಸಿ, ಪೆಟ್ರೋಲ್ ಪೈಪ್ ಕ್ಲಿಪ್ ಹಾಕಿ ಕೂರಿಸಿದ್ದೇವೆ. ಪೈಪನ್ನು ಚಾಸಿ ಪಕ್ಕದಲ್ಲೇ ತಂದು ಬಾನೆಟ್ ಒಳಗೆ, ಫೈರ್‌ವಾಲ್ ಮೇಲ್ಭಾಗದಲ್ಲಿ ಕಟ್ಟಿದೆ. ತುದಿಗೆ ಬೈಕಿನ ಸಣ್ಣ ಪೆಟ್ರೋಲ್ ಫಿಲ್ಟರ್, ಧೂಳು ಹೋಗದಿರಲಿ ಅಂತ. ಎರಡು ವಿಷಯ ನೋಡಿಕೊಳ್ಳಿ: ಚಕ್ರ ಪೂರ್ತಿ ಕೆಳಗೆ ಇಳಿದಾಗ ಪೈಪ್ ಬಿಗಿಯಾಗದಷ್ಟು ಉದ್ದ ಬಿಡಿ, ಆದರೆ ಎಲ್ಲೂ ಕೆಳಗೆ ಜೋತು ಬಿದ್ದು ನೀರು ನಿಲ್ಲುವ ಹಾಗೆ ಇರಬಾರದು. ಸೈಲೆನ್ಸರ್ ಪೈಪಿನಿಂದ ದೂರ ಇರಲಿ. ಹಿಂದಿನ ಆಕ್ಸಲ್‌ಗೂ ಮಾಡಿಸಿ. ಖರ್ಚು ಅಂದರೆ ಒಂದು ಹೋಟೆಲ್ ಊಟದ್ದು, ಅಷ್ಟೇ.

ಮಳೆಗಾಲದಲ್ಲಿ ಇನ್ನೊಂದು ಅಭ್ಯಾಸ ಇಟ್ಟುಕೊಳ್ಳಿ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಡಿಫರೆನ್ಷಿಯಲ್ ಕೆಳಗಿನ ಬೋಲ್ಟ್ ಒಂದು ಚೂರು ಸಡಿಲ ಮಾಡಿ. ನೀರು ಇದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ, ಆಯಿಲ್‌ಗಿಂತ ಭಾರ ಅಲ್ವಾ. ಬರೀ ಆಯಿಲ್ ಬಂದರೆ ಬಿಗಿ ಮಾಡಿ ಹೋಗಿ. ಆದರೆ ಆಯಿಲ್ ಈಗಾಗಲೇ ಕಲಸಿ ಬೆಳ್ಳಗಾಗಿದ್ದರೆ ಈ ಉಪಾಯ ನಡೆಯುವುದಿಲ್ಲ, ಪೂರ್ತಿ ಇಳಿಸಿ ಹೊಸದು ಹಾಕಬೇಕು.

ತೋಟದ ಜಿಪ್ಸಿ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಕೂತು ಎಲ್ಲ ನೋಡಿದೆವು, ನಮ್ಮ ಡ್ರೈವರ್ ಮತ್ತು ನಾನು.

ವಾಸನೆ ಗೇರ್ ಆಯಿಲ್‌ದೇ, ಅನುಮಾನ ಇಲ್ಲ. ಡಿಫರೆನ್ಷಿಯಲ್‌ನಲ್ಲಿ ಬೆರಳು ಬಗ್ಗಿಸಿ ಹಾಕಿದರೂ ಆಯಿಲ್ ಸಿಗಲಿಲ್ಲ. ಬ್ರೀದರ್ ಮೇಲೆ ಗಟ್ಟಿ ಮಣ್ಣು, ಅದು ಅಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ಎಡ ಚಕ್ರ ಬ್ರೇಕ್ ಒತ್ತಿದರೂ ಆಡುತ್ತದೆ, ಬಲ ಚಕ್ರ ಪರವಾಗಿಲ್ಲ.

ಆಮೇಲೆ ಶಾಫ್ಟ್ ಹೊರಗೆ ತೆಗೆಸಿದೆ. ಸೀಲ್ ಕೂರುವ ಜಾಗದಲ್ಲಿ ಶಾಫ್ಟ್ ಮೇಲೆ ಸುತ್ತಲೂ ಗೆರೆ ಬಿದ್ದಿದೆ, ಉಗುರು ಹಾಕಿದರೆ ಸಿಕ್ಕಿಕೊಳ್ಳುತ್ತದೆ. ಸ್ಪಿಂಡಲ್ (ಚಕ್ರದ ಬೇರಿಂಗ್ ಕೂರುವ ಟೊಳ್ಳು ಕೊಳವೆ) ಒಳಗೆ ಹಳದಿ ಬುಷ್ ಇದೆ, ಒಂದು ಕಡೆಗೆ ಸವೆದು ಮೊಟ್ಟೆ ಆಕಾರ ಆಗಿದೆ. ಜಾಯಿಂಟ್ ತೊಳೆದು ನೋಡಿದೆವು, ಬಿರುಕು ಇಲ್ಲ. ಗುಂಡು ಓಡುವ ದಾರಿಯಲ್ಲಿ ಎರಡು ಕಡೆ ಸಣ್ಣ ಕುಳಿ ಇವೆ. ಮುಂದೆ ಏನು?

ಹಾಸನ ಗ್ಯಾರೇಜ್

ಸಿಕ್ಕಿತು ನೋಡಿ. ಸೀಲ್ ಮತ್ತೆ ಮತ್ತೆ ಹೋಗುವುದಕ್ಕೆ ಆ ಬುಷ್ ಮತ್ತು ಆ ಗೆರೆಯೇ ಕಾರಣ, ಬ್ರೀದರ್ ಅದಕ್ಕೆ ಸಹಾಯ ಮಾಡಿದೆ. ಬುಷ್ ಸವೆದರೆ ಶಾಫ್ಟಿನ ಹೊರತುದಿ ಕೆಳಗೆ ಕೂರುತ್ತದೆ. ಆಗ ಒಳಗಿನ ಸೀಲಿನ ನಡುವೆ ಶಾಫ್ಟ್ ನೆಟ್ಟಗೆ ಇರುವುದಿಲ್ಲ, ಒಂದು ಕಡೆ ಸೀಲನ್ನು ಒತ್ತುತ್ತದೆ, ಇನ್ನೊಂದು ಕಡೆ ಸಂದು ಬಿಡುತ್ತದೆ. ಹೊಸ ಸೀಲ್ ಸ್ವಲ್ಪ ದಿನ ತಡೆದುಕೊಳ್ಳುತ್ತದೆ, ಆಮೇಲೆ ಬಿಡುತ್ತದೆ.

ಮಾಡಬೇಕಾದ್ದು: ಸ್ಪಿಂಡಲ್‌ಗೆ ಹೊಸ ಬುಷ್. ರೆಡಿ ಸಿಗದಿದ್ದರೆ ಒಳ್ಳೆ ಲೇತ್‌ನವರು ಕಂಚಿನಲ್ಲಿ ಮಾಡಿ ಕೊಡುತ್ತಾರೆ, ಆದರೆ ಶಾಫ್ಟನ್ನೂ ಜೊತೆಗೇ ಕೊಡಿ, ಅದಕ್ಕೆ ಹೊಂದಿಸಿ ಒಳಅಳತೆ ತೆಗೆಯಲಿ. ಶಾಫ್ಟಿನ ಗೆರೆಗೆ ತೆಳು ಉಕ್ಕಿನ ರಿಪೇರಿ ಸ್ಲೀವ್ ಬರುತ್ತದೆ, ಅಳತೆ ಸಿಕ್ಕಿದರೆ ಅದೇ ಬೆಸ್ಟ್. ಸಿಗದಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಬಹುದು, ಆಗ ಅದರ ತುಟಿ ಗೆರೆ ಇಲ್ಲದ ಜಾಗದಲ್ಲಿ ಕೂರುತ್ತದೆ. ಓರೆ ಮಾತ್ರ ಆಗಬಾರದು. ಸುತ್ತಿಗೆಯಲ್ಲಿ ನೇರ ಹೊಡೆಯಬೇಡಿ, ಸೀಲಿನ ಹೊರ ಅಳತೆಯ ಪೈಪ್ ತುಂಡು ಇಟ್ಟು ಹೊಡೆಯಿರಿ. ಶಾಫ್ಟ್ ವಾಪಸ್ ಹಾಕುವಾಗ ಕೈಯಲ್ಲಿ ಎತ್ತಿ ಹಿಡಿದು ಒಳಗೆ ಬಿಡಿ. ಅದರ ಭಾರ ಸೀಲ್ ಮೇಲೆ ಬಿದ್ದರೆ ಸ್ಪ್ಲೈನ್ ಹಲ್ಲುಗಳು ಹೊಸ ಸೀಲಿನ ತುಟಿ ಕೊಯ್ದು ಹಾಕುತ್ತವೆ, ಎಷ್ಟೋ ಗ್ಯಾರೇಜಿನಲ್ಲಿ ಹೊಸ ಸೀಲ್ ಹಾಳಾಗುವುದು ಅಲ್ಲೇ.

ಬಾಲ್‌ನ ಹೊರಮೈ ತುಕ್ಕು ಕುಳಿ ಇದ್ದರೆ ಸಣ್ಣ ಎಮರಿ ಪೇಪರ್ ಹಾಕಿ ನುಣ್ಣಗೆ ಮಾಡಿ, ಇಲ್ಲದಿದ್ದರೆ ದೊಡ್ಡ ಸೀಲನ್ನು ಅದು ತಿಂದು ಬಿಡುತ್ತದೆ.

ಕಿಂಗ್ ಪಿನ್ ಬೇರಿಂಗ್ ಮೇಲಿನದು ಕೆಳಗಿನದು ಎರಡೂ ಹೊಸದು, ಹೊರಗಿನ ಕಪ್ ಸಮೇತ. ಬಿಚ್ಚುವಾಗ ಮೇಲಿನ ಶಿಮ್ (ತೆಳು ತಗಡಿನ ಬಿಲ್ಲೆ) ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಅಂತ ಬೇರೆ ಬೇರೆ ಇಡಿ. ಜೋಡಿಸಿದ ಮೇಲೆ ದೊಡ್ಡ ಸೀಲ್ ಹಾಕುವ ಮುಂಚೆ, ಟೈ ರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ನಕಲ್ ತಿರುಗಲು ಶುರು ಮಾಡುವುದು 1ರಿಂದ 1.8 ಕೆಜಿ ಒಳಗೆ ಇರಬೇಕು. ಕಡಿಮೆ ಇದ್ದರೆ ಶಿಮ್ ತೆಗೆಯಿರಿ, ಜಾಸ್ತಿ ಇದ್ದರೆ ಸೇರಿಸಿ. ಈ ತಕ್ಕಡಿ ಕೆಲಸವನ್ನು ಜಾಸ್ತಿ ಗ್ಯಾರೇಜಿನವರು ಬಿಡುತ್ತಾರೆ, ಕೈ ಅಂದಾಜಲ್ಲಿ ಬಿಗಿ ಮಾಡುತ್ತಾರೆ. ನೀವು ಪಕ್ಕದಲ್ಲಿ ನಿಂತು ಮಾಡಿಸಿ.

ಜಾಯಿಂಟಿಗೆ ಮಾಲಿಬ್ಡಿನಮ್ ಇರುವ ಗ್ರೀಸ್. ಮೊದಲು ಗುಂಡುಗಳ ಸಂದಿಗೆ ಕೈಯಲ್ಲೇ ತುಂಬಿ, ಆಮೇಲೆ ನಕಲ್ ಒಳಗೆ ಮುಕ್ಕಾಲು. ಹಳೆ ಗ್ರೀಸ್ ಒಂದು ಚೂರೂ ಉಳಿಯಬಾರದು. ಡಿಫರೆನ್ಷಿಯಲ್‌ಗೆ 80ಡಬ್ಲ್ಯೂ-90, ಜಿಎಲ್-5, ಮುಂದಿನದಕ್ಕೆ ಸುಮಾರು 2 ಲೀಟರ್ ಹಿಡಿಯುತ್ತದೆ. ಬ್ರೇಕ್ ಪ್ಯಾಡ್ ಆಯಿಲ್ ಕುಡಿದಿದ್ದರೆ ಬದಲಾಯಿಸಿ, ತೊಳೆದು ಹಾಕುವುದು ಬೇಡ.

ಮಣ್ಣು ಟೈರ್

ಒಪ್ಪಿದೆ ಅಣ್ಣ, ಆದರೆ ಕುಳಿ ಬಿದ್ದ ಜಾಯಿಂಟನ್ನೇ ವಾಪಸ್ ಹಾಕುವುದು ನನಗೆ ಸರಿ ಕಾಣುತ್ತಿಲ್ಲ. ಇಷ್ಟೆಲ್ಲ ಬಿಚ್ಚಿದ ಮೇಲೆ ಅದೊಂದನ್ನು ಯಾಕೆ ಉಳಿಸಬೇಕು? ಜೆ.ಸಿ. ರೋಡಲ್ಲಿ ವಿಚಾರಿಸಿದರೆ ಕಂಪನಿ ಅಳತೆಯದ್ದು ಸಿಗುತ್ತದೆ.

ಹಾಸನ ಗ್ಯಾರೇಜ್

ಇವರಿಗೆ ಫೋರ್ ವೀಲ್ ಬೇಕಾಗುವುದು ವರ್ಷದಲ್ಲಿ ಮಳೆಯ ನಾಲ್ಕು ತಿಂಗಳು, ಅದೂ ನಿಧಾನಕ್ಕೆ. ಸಣ್ಣ ಕುಳಿ ಶಬ್ದ ಮಾಡುತ್ತದೆ, ಕೂಡಲೇ ಮುರಿಯುವುದಿಲ್ಲ. ಸಿಕ್ಕ ಸಿಕ್ಕ ಕಂಪನಿಯ ಹೊಸ ಜಾಯಿಂಟಿಗಿಂತ ಗಾಡಿ ಜೊತೆ ಬಂದ ಹಳೆಯದೇ ಎಷ್ಟೋ ಸಲ ಗಟ್ಟಿ ಇರುತ್ತದೆ. ಒಳ್ಳೆಯದು ಸಿಕ್ಕರೆ ತಂದು ಮನೆಯಲ್ಲಿ ಇಟ್ಟುಕೊಳ್ಳಲಿ, ಬೇಡ ಅನ್ನುವುದಿಲ್ಲ.

ತೋಟದ ಜಿಪ್ಸಿ

ಕೆಲಸ ಮುಗಿಯಿತು. ಬುಷ್ ಲೇತ್‌ನಲ್ಲಿ ಮಾಡಿಸಿದೆವು, ಸ್ಲೀವ್ ಸಿಗಲಿಲ್ಲ, ಸೀಲನ್ನು ಸ್ವಲ್ಪ ಒಳಗೆ ಕೂರಿಸಿದೆವು. ತಕ್ಕಡಿ ತೋಟದ್ದೇ ಇತ್ತು, ಸಣ್ಣದು, ಮೆಕ್ಯಾನಿಕ್ ನಕ್ಕರು ಆದರೆ ಮಾಡಿದರು. ಶಿಮ್ ತೆಗೆದ ಮೇಲೆ ಒಂದೂವರೆ ಕೆಜಿ ಹತ್ತಿರ ಬಂತು. ಬ್ರೀದರ್ ಪೈಪ್ ಸೋಮವಾರಪೇಟೆಯವರು ಹೇಳಿದ ಹಾಗೇ. ಈಗ 70ರಲ್ಲೂ ಅದುರುವುದಿಲ್ಲ, ಬಾಲ್ ಒಣಗಿದೆ. ಕಟ ಕಟ ಇನ್ನೂ ಇದೆ, ಪೂರ್ತಿ ತಿರುಗಿಸಿದಾಗ ಮಾತ್ರ. ಆಕಸ್ಮಾತ್ ತೋಟದ ಮಧ್ಯೆ ಜಾಯಿಂಟ್ ಮುರಿದರೆ ಏನು ಮಾಡಬೇಕು?

ಹಾಸನ ಗ್ಯಾರೇಜ್

ಲೋ ಗೇರಲ್ಲಿ ಪೂರ್ತಿ ತಿರುಗಿಸಿ ಒತ್ತದಿದ್ದರೆ ಆ ದಿನ ಬೇಗ ಬರುವುದಿಲ್ಲ. ಒಣ ಟಾರ್ ಮೇಲೆ ಫೋರ್ ವೀಲ್ ಹಾಕಬೇಡಿ, ಜಿಪ್ಸಿಗೆ ಮಧ್ಯದ ಡಿಫರೆನ್ಷಿಯಲ್ ಇಲ್ಲ, ತಿರುವಿನಲ್ಲಿ ಮುಂದಿನ ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಹಿಂಡಿಕೊಳ್ಳುತ್ತವೆ, ಅದು ಜಾಯಿಂಟಿಗೆ ಕೆಸರಿಗಿಂತ ಕೆಟ್ಟದ್ದು.

ಮುರಿದರೆ ಜೋರಾಗಿ ಟಪ್ ಅನ್ನುತ್ತದೆ. ಕೂಡಲೇ ನಿಲ್ಲಿಸಿ. ಟೂ ವೀಲ್‌ಗೆ ಹಾಕಿ, ಎರಡೂ ಹಬ್ ಫ್ರೀ ಮಾಡಿ. ಸ್ಟೇರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ, ಎಲ್ಲೂ ಹಿಡಿಯದಿದ್ದರೆ ನಿಧಾನಕ್ಕೆ ಮನೆ ಸೇರಬಹುದು. ಹಿಡಿದರೆ ಒಂದು ಹೆಜ್ಜೆಯೂ ಓಡಿಸಬೇಡಿ. ಮುರಿದ ಗುಂಡು ಬಾಲ್ ಒಳಗೆ ಸಿಕ್ಕಿಕೊಂಡು ಸ್ಟೇರಿಂಗ್ ಲಾಕ್ ಆಗುತ್ತದೆ. ಅಲ್ಲೇ ಚಕ್ರ, ಹಬ್, ಸ್ಪಿಂಡಲ್ ಬಿಚ್ಚಿ ಶಾಫ್ಟ್ ತುಂಡುಗಳನ್ನು ತೆಗೆಯಬೇಕು.

ಸೋಮವಾರಪೇಟೆ ಪ್ಲಾಂಟರ್

ತೋಟದವರೇ, ಹಳೆ ಸೀಲ್ ಬಿಸಾಕಿಲ್ಲ ಅಂದರೆ ಅದರ ಮೇಲೆ ಅಚ್ಚು ಹಾಕಿರುವ ಅಳತೆ ಇಲ್ಲಿ ಹಾಕ್ತೀರಾ? ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಇದ್ದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಕೇಳಬಹುದು. ನಮ್ಮ ಗಾಡಿದು ಅಳಿಸಿ ಹೋಗಿದೆ.

ತೋಟದ ಜಿಪ್ಸಿ

ಗ್ಯಾರೇಜಿನಲ್ಲೇ ಉಳಿದಿದೆ, ಸಂತೆ ದಿನ ಪೇಟೆಗೆ ಹೋದಾಗ ಫೋಟೋ ತೆಗೆದು ಹಾಕುತ್ತೇನೆ.